ಹೊರುವವರಿಂದ ಶುರುಮಾಡಿ: ಫ್ಯಾಂಟಸಿ ಕಥೆಗೊಂದು ನಂಬುವಂಥ ಪಟ್ಟಣ ಕಟ್ಟುವುದು

ನನ್ನ ಮೊದಲ ಫ್ಯಾಂಟಸಿ ಕಾದಂಬರಿಯ ಹಸ್ತಪ್ರತಿಯನ್ನು ಗೆಳತಿಯೊಬ್ಬಳಿಗೆ ಓದಲು ಕೊಟ್ಟಿದ್ದೆ. ಅವಳು ಪೆನ್ಸಿಲ್ ಹಿಡಿದೇ ಓದುವವಳು. ನಾಲ್ಕನೇ ಅಧ್ಯಾಯದಲ್ಲಿ ನನ್ನ ನಾಯಕ ಊರಬಾಗಿಲಿನಿಂದ ಅರಮನೆಗೆ ಓಡುತ್ತಾನೆ. ಬಾಗಿಲು ಮುಚ್ಚುವ ಗಂಟೆಯ ಸದ್ದು ಅಡಗುವುದರೊಳಗೆ ತಲುಪಿಯೂ ಬಿಡುತ್ತಾನೆ. ಹನ್ನೊಂದನೇ ಅಧ್ಯಾಯದಲ್ಲಿ ಅದೇ ದಾರಿಯಲ್ಲಿ ಬೆಳಗ್ಗೆ ಹೊರಟ ಎತ್ತಿನಗಾಡಿ ಅರಮನೆ ಮುಟ್ಟುವಾಗ ಮಧ್ಯಾಹ್ನ. ಹಾಳೆಯ ಅಂಚಿನಲ್ಲಿ ಅವಳು ಬರೆದಿದ್ದಳು: ‘ಎತ್ತು ದಾರಿಯಲ್ಲಿ ಸತ್ತಿತ್ತಾ?’

ಅದು ಸಾಲದು ಎಂಬಂತೆ ಮುಂದಿನ ಪುಟದಲ್ಲಿ ಇನ್ನೊಂದು ಪ್ರಶ್ನೆ. ಗುಡ್ಡದ ನೆತ್ತಿಯ ಮೇಲೆ ನಾನು ಏಳು ಅಮೃತಶಿಲೆಯ ಗೋಪುರ ನಿಲ್ಲಿಸಿದ್ದೆ. ‘ಇಷ್ಟು ಜನ ಮುಖ ತೊಳೆಯೋಕೆ ನೀರು ಎಲ್ಲಿಂದ ತರ್ತಾರೆ?’ ಏಳು ಗೋಪುರಗಳ ಹೆಸರು, ಅವುಗಳ ಬಾವುಟದ ಬಣ್ಣ ಎಲ್ಲ ನನಗೆ ಬಾಯಿಪಾಠವಿತ್ತು. ಬಾವಿ ಮಾತ್ರ ಒಂದೂ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುತ್ತಾರಲ್ಲ, ನನ್ನ ರಾಜಧಾನಿಯೇ ಆ ಗಾದೆಯಾಗಿತ್ತು.

ಆಮೇಲೆ ನಾನು ಊರು ಕಟ್ಟುವ ಕ್ರಮವನ್ನೇ ತಿರುಗಿಸಿದೆ. ಅರಮನೆಯಿಂದಲ್ಲ, ಹೊರುವವರಿಂದ ಶುರು. ಊರೊಳಗೆ ಏನು ಬರುತ್ತದೆ, ಏನು ಹೊರಹೋಗುತ್ತದೆ, ಅದನ್ನು ಯಾರ ಹೆಗಲು ಹೊರುತ್ತದೆ. ಇಷ್ಟು ಗೊತ್ತಾದರೆ ಗೋಪುರ ಎಲ್ಲಿ ನಿಲ್ಲಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ಆ ಕ್ರಮವನ್ನೇ ಇಲ್ಲಿ ಹಂತಹಂತವಾಗಿ ಹೇಳುತ್ತಿದ್ದೇನೆ. ಬರೀ ಮಾತಾಗಬಾರದೆಂದು ಜೊತೆಗೇ ಒಂದು ಪಟ್ಟಣವನ್ನೂ ಕಟ್ಟುತ್ತಾ ಹೋಗುತ್ತೇನೆ. ನೀವೂ ಒಂದು ಹಾಳೆ ಇಟ್ಟುಕೊಳ್ಳಿ.

ಹಂತ 1: ಊರು ಇಲ್ಲೇ ಯಾಕೆ?

ಜನ ಸುಮ್ಮನೆ ಒಂದೆಡೆ ಸೇರುವುದಿಲ್ಲ. ಹೊಳೆ ದಾಟಲು ಆಗುವ ಜಾಗ, ಎರಡು ದಾರಿ ಕೂಡುವ ಜಾಗ, ಹಡಗಿಗೆ ಗಾಳಿಯಿಂದ ಮರೆ ಸಿಗುವ ಕೊಲ್ಲಿ, ಗಣಿ, ದೇವರು ಕಾಣಿಸಿಕೊಂಡ ಬಂಡೆ, ಹೀಗೆ ಏನಾದರೂ ಒಂದು ನೆವ ಬೇಕು. ಖಲೀಫ ಅಲ್ ಮನ್ಸೂರ್ 762ರಲ್ಲಿ ಬಾಗ್ದಾದ್ ಕಟ್ಟಿಸಿದ್ದು ಟೈಗ್ರಿಸ್ ನದಿಯ ದಡದಲ್ಲಿ, ಯೂಫ್ರೆಟಿಸ್ ಕೂಡ ಹತ್ತಿರ ಬರುವ ಕಡೆ. ಎರಡೂ ನದಿಗಳ ದೋಣಿ ವ್ಯಾಪಾರ ಕೈಗೆಟಕುವ ಜಾಗ ಅದು.

ರಾಜನ ಹಟವೊಂದೇ ಕಾರಣವಾಗಿ ಊರು ಹುಟ್ಟಬಾರದೇ ಎಂದು ಕೇಳಬಹುದು. ಹುಟ್ಟಬಹುದು. ಅಕ್ಬರ್ 1571ರಲ್ಲಿ ಫತೇಪುರ್ ಸಿಕ್ರಿ ಕಟ್ಟಿಸಲು ಶುರುಮಾಡಿ, 1585ರಲ್ಲಿ ಆಸ್ಥಾನದ ಸಮೇತ ಲಾಹೋರಿಗೆ ಹೊರಟುಹೋದ. ರಾಜ ಎದ್ದುಹೋದ ಮೇಲೆ ರಾಜಧಾನಿಯ ಕಳೆಯೂ ಹೋಯಿತು. ನಿಮ್ಮ ಕಥೆಗೆ ಅಂಥ ಊರೇ ಬೇಕಿದ್ದರೆ, ರಾಜ ಹೋದ ಮರುವರ್ಷ ಅಲ್ಲಿ ಉಳಿದವರು ಯಾರು ಎಂದು ಯೋಚಿಸಿ. ಕಥೆ ಅವರ ಹತ್ತಿರ ಇರುತ್ತದೆ.

ನಮ್ಮ ಮಾದರಿ ಪಟ್ಟಣಕ್ಕೆ ಒಂದು ಜಲಪಾತ ಇಟ್ಟುಕೊಳ್ಳೋಣ. ಸಮುದ್ರದ ಕಡೆಯಿಂದ ಬರುವ ದೋಣಿ ಜಲಪಾತದ ಬುಡದಲ್ಲಿ ನಿಲ್ಲಲೇಬೇಕು. ಮೇಲ್ನಾಡಿನಿಂದ ಬರುವ ದೋಣಿ ನೆತ್ತಿಯಲ್ಲಿ ನಿಲ್ಲಲೇಬೇಕು. ನಡುವೆ ಸುಮಾರು 70 ಮೀಟರ್ ಕಡಿದಾದ ಬಂಡೆ. ಅದರಲ್ಲಿ ಕೊರೆದ 412 ಮೆಟ್ಟಿಲು. ಉಪ್ಪು ಕೆಳಗಿನಿಂದ ಹತ್ತುತ್ತದೆ, ಕಾಳು ಮೇಲಿನಿಂದ ಇಳಿಯುತ್ತದೆ. ಎರಡನ್ನೂ ಹೊರುವವರು ಮನುಷ್ಯರು. ಅರ್ಧ ದಾರಿಯಲ್ಲಿ ಎದೆಯೆತ್ತರದ ಒಂದು ಕಲ್ಲಿದೆ. ಬಗ್ಗದೆ, ಯಾರ ಸಹಾಯವೂ ಇಲ್ಲದೆ ತಲೆಹೊರೆಯನ್ನು ಅದರ ಮೇಲೆ ಜಾರಿಸಿ ಉಸಿರು ಬಿಡಬಹುದು. ಊರಿನ ಹೆಸರೂ ಅದೇ: ಹೊರೆಗಲ್ಲು.

ಹಂತ 2: ಹೊಟ್ಟೆಯ ಲೆಕ್ಕ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಲೆಕ್ಕ ಅಂದರೆ ಲೇಖಕರಿಗೆ ಜ್ವರ ಬರುತ್ತದೆ. ಆದರೆ ಇದಕ್ಕೆ ಬೇಕಾಗಿರುವುದು ಮಗ್ಗಿ ಬರುವಷ್ಟು ಗಣಿತ ಮಾತ್ರ, ಮತ್ತು ಕಥೆಯ ಅರ್ಧ ಸಾಮಗ್ರಿ ಇಲ್ಲೇ ಸಿಗುತ್ತದೆ.

ಹೊರೆಗಲ್ಲಿನಲ್ಲಿ 40,000 ಜನ ಎಂದುಕೊಳ್ಳಿ. ನೆತ್ತಿಯ ಮೇಲೂರಿನಲ್ಲಿ 15,000, ಬುಡದ ಕೆಳಪೇಟೆಯಲ್ಲಿ 25,000. ಮಕ್ಕಳು ಮುದುಕರನ್ನೂ ಸೇರಿಸಿ ತಲೆಗೆ ದಿನಕ್ಕೆ 600 ಗ್ರಾಂ ಕಾಳು ಹಿಡಿದರೆ ಕೆಳಪೇಟೆಯೊಂದಕ್ಕೇ 15,000 ಕಿಲೋ ಬೇಕು. ಒಬ್ಬ ಹಮಾಲ 40 ಕಿಲೋ ಹೊತ್ತರೆ ದಿನಕ್ಕೆ 375 ಮೂಟೆ ಮೆಟ್ಟಿಲಿಳಿಯಬೇಕು. ಒಬ್ಬರು ಆರು ಸಲ ಹತ್ತಿಳಿದರೂ ಅರವತ್ತಕ್ಕೂ ಹೆಚ್ಚು ಜನ, ವ್ಯಾಪಾರದ ಸರಕು ಬಿಟ್ಟು ಬರೀ ಕೆಳಪೇಟೆಯ ಒಲೆ ಉರಿಯುವುದಕ್ಕಾಗಿ ದುಡಿಯಬೇಕು. ಅವರು ಮೂರು ದಿನ ಮೆಟ್ಟಿಲ ಮೇಲೆ ಕೂತುಬಿಟ್ಟರೆ? ಹದಿನೈದು ದಿನ ಕೂತರೆ? ನಾನಿನ್ನೂ ಕಥೆ ಯೋಚಿಸಿಯೇ ಇಲ್ಲ, ಕಥೆ ಬಂದು ಬಾಗಿಲು ತಟ್ಟುತ್ತಿದೆ.

ಇದೇ ಲೆಕ್ಕವನ್ನು ಊರ ಹೊರಗೂ ಎಳೆಯಿರಿ. ಯಂತ್ರಗಳು ಬರುವ ಮುಂಚೆ ಹೆಚ್ಚುಕಡಿಮೆ ಎಲ್ಲ ಕಡೆ ಹತ್ತರಲ್ಲಿ ಎಂಟೊಂಬತ್ತು ಜನ ಹೊಲದಲ್ಲಿ ದುಡಿದರೆ ಉಳಿದ ಒಬ್ಬಿಬ್ಬರು ಪೇಟೆಯಲ್ಲಿ ಬದುಕಬಹುದಿತ್ತು. ಅಂದರೆ ನಮ್ಮ 40,000 ಜನರ ಹಿಂದೆ ಮೇಲ್ನಾಡಿನಲ್ಲಿ ಎರಡು ಮೂರು ಲಕ್ಷ ರೈತರಿರಬೇಕು. ಮರುಭೂಮಿಯ ನಡುವೆ ಒಂಟಿಯಾಗಿ ಹೊಳೆಯುವ ಮಹಾನಗರವನ್ನು ಬರೆಯುವವರು, ದಯವಿಟ್ಟು, ಆ ರೈತರನ್ನು ಎಲ್ಲಿಟ್ಟಿದ್ದೀರಿ ಎಂದು ಒಮ್ಮೆ ನೋಡಿಕೊಳ್ಳಿ. ದೂರದಿಂದ ತರಿಸುವುದಾದರೆ ಹಡಗೇ ಬೇಕು. ಎತ್ತು ತಾನು ಎಳೆಯುವ ಕಾಳನ್ನು ದಾರಿಯುದ್ದಕ್ಕೂ ತಾನೇ ತಿಂದು ಮುಗಿಸುತ್ತದೆ. ಪ್ರಾಚೀನ ರೋಮ್ ಸುಮಾರು ಹತ್ತು ಲಕ್ಷ ಜನರನ್ನು ಸಾಕಿದ್ದು ಈಜಿಪ್ಟ್, ಸಿಸಿಲಿ ಮತ್ತು ಉತ್ತರ ಆಫ್ರಿಕಾದಿಂದ ಸಮುದ್ರದ ಮೇಲೆ ಬಂದ ಗೋಧಿಯಿಂದ. ಎಣ್ಣೆಯೂ ಹಾಗೇ, ದೊಡ್ಡ ದೊಡ್ಡ ಮಣ್ಣಿನ ಜಾಡಿಗಳಲ್ಲಿ ಬರುತ್ತಿತ್ತು. ಖಾಲಿ ಜಾಡಿಗಳನ್ನು ಒಡೆದು ನದಿಯ ಹತ್ತಿರ ಒಂದೇ ಕಡೆ ಪೇರಿಸುತ್ತಾ ಹೋದರು. ಅದು ಇವತ್ತಿಗೂ ಮಾಂಟೆ ಟೆಸ್ಟಾಚೊ ಎಂಬ ಹೆಸರಿನಲ್ಲಿ ನಿಂತಿದೆ, ಸುಮಾರು 35 ಮೀಟರ್ ಎತ್ತರದ, ಬರೀ ಬೋಕಿಬಿಲ್ಲೆಯ ಗುಡ್ಡ. ಒಂದು ಊರಿನ ಊಟದ ಗಾತ್ರವನ್ನು ಇದಕ್ಕಿಂತ ಚೆನ್ನಾಗಿ ಯಾವ ಕವಿಯೂ ಬಣ್ಣಿಸಲಾರ.

ಹಂತ 3: ನೀರು ಬರುವುದು, ಹೊಲಸು ಹೋಗುವುದು

ನೀರಿಗೆ ಒಂದು ಸರಳ ನಿಯಮ: ಅದು ಇಳಿಜಾರಿಗೆ ಹರಿಯುತ್ತದೆ, ಇಲ್ಲವೇ ಯಾರೋ ಅದನ್ನು ಹೊರುತ್ತಾರೆ. ವೆನಿಸ್ ನಗರದ ಸುತ್ತ ನೀರೋ ನೀರು, ಕುಡಿಯಲು ಮಾತ್ರ ಒಂದು ಹನಿಯೂ ಇರಲಿಲ್ಲ. ಅದಕ್ಕೆ ಅವರು ಚೌಕಗಳ ಕೆಳಗೆ ಜೇಡಿಮಣ್ಣು ಮೆತ್ತಿದ ಗುಂಡಿ ತೋಡಿ, ಮರಳು ತುಂಬಿ, ಮಳೆನೀರು ಅದರೊಳಗೆ ಸೋಸಿ ನಡುವಿನ ಬಾವಿಗೆ ಇಳಿಯುವಂತೆ ಮಾಡಿಕೊಂಡರು. ಆ ಬಾವಿಕಟ್ಟೆಗಳು ಈಗಲೂ ಅಲ್ಲಿವೆ. ಅಜ್ಟೆಕರ ರಾಜಧಾನಿ ಟೆನೋಚ್ಟಿಟ್ಲಾನ್, ಅಂದರೆ ಇಂದಿನ ಮೆಕ್ಸಿಕೊ ನಗರದ ಜಾಗ, ಸರೋವರದ ನಡುವಿನ ದ್ವೀಪ. ಅಲ್ಲಿಗೆ ಚಪುಲ್ಟೆಪೆಕ್ ಬೆಟ್ಟದಿಂದ ಕಾಲುವೆ ತಂದವರು ಒಂದಲ್ಲ, ಜೋಡಿ ಕಾಲುವೆ ಕಟ್ಟಿದರು. ಒಂದನ್ನು ತೊಳೆಯುವಾಗ ಇನ್ನೊಂದರಲ್ಲಿ ನೀರು. ಇಂಥ ಸಣ್ಣ ಜಾಣತನ ಕಂಡರೆ ಓದುಗ ಊರನ್ನು ನಂಬುತ್ತಾನೆ. ಏಕೆಂದರೆ ಇದು ಕಾಲುವೆ ತೊಳೆದು ಸುಸ್ತಾದವನಿಗೆ ಹೊಳೆಯುವ ಉಪಾಯ.

ಹೊರೆಗಲ್ಲಿನಲ್ಲಿ ಮೇಲೂರಿಗೆ ಹೊಳೆಯಿಂದಲೇ ಕಾಲುವೆ ಬರುತ್ತದೆ. ಅದು ಮೇಲೂರಿನ ತೊಟ್ಟಿಗಳನ್ನು ತುಂಬಿ, ಬಟ್ಟೆ ಒಗೆಯುವ ಕಟ್ಟೆ ದಾಟಿ, ಬಣ್ಣಗಾರರ ಓಣಿ ಹಾದು ಬಂಡೆಯ ಮೇಲಿಂದ ಕೆಳಪೇಟೆಗೆ ಧುಮುಕುತ್ತದೆ. ಹಾಗಾಗಿ ಮೇಲೂರಿನಲ್ಲಿ ಯಾರ ಮನೆಯ ಮದುವೆಗೆ ಯಾವ ಬಣ್ಣದ ಬಟ್ಟೆ ಅದ್ದಿದರು ಎನ್ನುವುದು ಕೆಳಪೇಟೆಯವರಿಗೆ ನೀರು ನೋಡಿದರೇ ಗೊತ್ತು. ಇದನ್ನು ಬರೆದ ಮೇಲೆ ಮೇಲು ಕೀಳಿನ ಬಗ್ಗೆ ನಾನು ಬೇರೆ ಭಾಷಣ ಬರೆಯಬೇಕಾಗಲಿಲ್ಲ.

ಹೊಲಸಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ, ಆದರೆ ಬಿಡಬೇಡಿ. ತೊಗಲು ಹದ ಮಾಡುವವರು ಹೊಳೆಯ ಕೆಳಗಡೆ, ಊರಿಗೆ ಗಾಳಿ ಬೀಸದ ದಿಕ್ಕಿನಲ್ಲಿ. ಮಲ ಗೊಬ್ಬರವಾಗಬಹುದು: ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಅದನ್ನು ರೈತರು ದುಡ್ಡು ಕೊಟ್ಟು ಒಯ್ಯುತ್ತಿದ್ದರು, ಬಾಡಿಗೆಮನೆಯ ಯಜಮಾನರಿಗೆ ಅದೊಂದು ಆದಾಯವಾಗಿತ್ತು. ಹೆಣ ಎಲ್ಲಿಗೆ ಹೋಗುತ್ತದೆ ಎಂದೂ ಬರೆದಿಟ್ಟುಕೊಳ್ಳಿ.

ಹಂತ 4: ನಕ್ಷೆಯನ್ನು ಕಾಲಿನಿಂದ ಅಳೆಯಿರಿ

ನಕ್ಷೆ ಬರೆಯುವುದರಲ್ಲಿ ಒಂದು ಅಪಾಯವಿದೆ. ಅದು ಎಷ್ಟು ಖುಷಿ ಕೊಡುತ್ತದೆಂದರೆ ಮೂರು ತಿಂಗಳು ಕಳೆದರೂ ಕಥೆ ಶುರುವಾಗುವುದಿಲ್ಲ. ಮೊದಲ ಸಲಕ್ಕೆ ಐದು ಜಾಗ, ಅವುಗಳ ನಡುವೆ ಗೆರೆ, ಪ್ರತಿ ಗೆರೆಯ ಮೇಲೆ ಸಮಯ. ಇಷ್ಟೇ ಸಾಕು. ಆರೋಗ್ಯವಂತ ಮನುಷ್ಯ ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತಾನೆ. ಸಂತೆಯ ದಿನ ಅದರ ಅರ್ಧ. ಹೊರೆ ಇದ್ದರೆ, ಮಗು ಎತ್ತಿಕೊಂಡಿದ್ದರೆ, ಕತ್ತಲಾಗಿದ್ದರೆ ಇನ್ನೂ ಕಡಿಮೆ. ಎಲ್ಲರೂ ನಡೆದೇ ಓಡಾಡುವ ಊರು ಬಹಳ ಹರಡಿಕೊಳ್ಳಲಾರದು; ಒಂದು ತುದಿಯಿಂದ ಇನ್ನೊಂದು ತುದಿಗೆ ಗಂಟೆ ಒಂದೂವರೆ ಗಂಟೆ ಮೀರಿದರೆ ಅದು ಬೇರೆಬೇರೆ ಊರುಗಳಾಗಿ ಒಡೆಯಲು ಶುರುವಾಗುತ್ತದೆ.

ಹೊರೆಗಲ್ಲಿನ ಮೆಟ್ಟಿಲನ್ನು ಬರಿಗೈಯಲ್ಲಿ ಹತ್ತಲು ಎಂಟು ನಿಮಿಷ, ಮೂಟೆ ಹೊತ್ತು ಕಾಲುಗಂಟೆ, ಬೆಳಗಿನ ನೂಕುನುಗ್ಗಲಲ್ಲಿ ಅರ್ಧಗಂಟೆ. ಗೋಡೆಗೆ ಅಂಟಿಸಿದ ಈ ಮೂರು ಸಂಖ್ಯೆ ಕಾದಂಬರಿ ಮುಗಿಯುವವರೆಗೂ ಬದಲಾಗಲಿಲ್ಲ. ಎತ್ತೂ ಸಾಯಲಿಲ್ಲ.

ಸಮಯದ ಜೊತೆ ಹೊತ್ತನ್ನೂ ಗುರುತಿಸಿ. ಬೀದಿ ಬೆಳಗ್ಗೆ ಇದ್ದಂತೆ ರಾತ್ರಿ ಇರುವುದಿಲ್ಲ. ಜೂಲಿಯಸ್ ಸೀಸರನ ಕಾಲದ ಕಾನೂನೊಂದು ರೋಮಿನಲ್ಲಿ ಹಗಲು ಹೊತ್ತು ಬಹುತೇಕ ಗಾಡಿಗಳ ಓಡಾಟವನ್ನೇ ತಡೆಯಿತು. ಹಗಲು ಬೀದಿ ಸಲೀಸಾಯಿತು, ರಾತ್ರಿಯಿಡೀ ಗಾಡಿಗಳ ಗಡಗಡ ಸದ್ದಿಗೆ ಜನರಿಗೆ ನಿದ್ದೆ ಇಲ್ಲವಾಯಿತು. ಚೀನಾದ ತಾಂಗ್ ದೊರೆಗಳ ರಾಜಧಾನಿ ಚಾಂಗಾನ್ ಇದಕ್ಕೆ ತದ್ವಿರುದ್ಧ. ಗೋಡೆ ಕಟ್ಟಿ ಬೇರ್ಪಡಿಸಿದ 108 ವಠಾರಗಳು. ಸಂಜೆ ನಗಾರಿ ಬಾರಿಸಿದ ಮೇಲೆ ಅವುಗಳ ಬಾಗಿಲು ಹಾಕಿದರೆ ದೊಡ್ಡ ಬೀದಿಗಳಲ್ಲಿ ನರಪಿಳ್ಳೆ ಇರುವಂತಿಲ್ಲ. ನಿಮ್ಮ ಕಳ್ಳ ಈ ಎರಡು ಊರಲ್ಲಿ ಯಾವುದರಲ್ಲಿ ಬದುಕುತ್ತಾನೆ ಎನ್ನುವುದರ ಮೇಲೆ ಅವನ ಇಡೀ ಕಸುಬು ನಿಂತಿದೆ.

ಹಂತ 5: ಹಳೆಯದರ ಮೇಲೆ ಹೊಸದು

ಒಂದೇ ದಿನದಲ್ಲಿ ಅಚ್ಚೊತ್ತಿದಂತೆ ಕಾಣುವ ಊರು ಕಥೆಯಲ್ಲಿ ಬಹಳ. ನಿಜವಾದ ಊರು ಅಜ್ಜಿಯ ಕೌದಿಯ ಹಾಗೆ, ಹಳೇ ಬಟ್ಟೆಯ ತುಂಡು ಎಲ್ಲೆಲ್ಲೂ ಇಣುಕುತ್ತದೆ. ರೋಮಿನ ಪಿಯಾಟ್ಸಾ ನವೋನಾ ಎಂಬ ಚೌಕ ಉದ್ದಕ್ಕಿದ್ದು ಒಂದು ತುದಿಯಲ್ಲಿ ದುಂಡಗಾಗಿದೆ. ಯಾಕೆಂದರೆ ಒಂದನೇ ಶತಮಾನದಲ್ಲಿ ಅದು ಚಕ್ರವರ್ತಿ ಡೊಮಿಷಿಯನ್ ಕಟ್ಟಿಸಿದ ಓಟದ ಅಂಗಣ. ಪ್ರೇಕ್ಷಕರು ಕೂರುತ್ತಿದ್ದ ಜಾಗದ ಮೇಲೆ ಮನೆಗಳೆದ್ದವು, ಓಡುತ್ತಿದ್ದ ಜಾಗ ಬಯಲಾಗಿಯೇ ಉಳಿಯಿತು. ಇಸ್ತಾಂಬುಲಿನ ನೆಲದಡಿಯ ಬೆಸಿಲಿಕಾ ನೀರಿನ ತೊಟ್ಟಿಗೆ 336 ಕಂಬಗಳಿವೆ. ಅವುಗಳಲ್ಲಿ ಎರಡರ ಬುಡಕ್ಕೆ ಗ್ರೀಕ್ ಪುರಾಣದ ಹಾವುಗೂದಲಿನ ಮೆಡೂಸಾಳ ಕೆತ್ತಿದ ತಲೆಗಳನ್ನು ಇಟ್ಟಿದ್ದಾರೆ, ಒಂದು ಮಗ್ಗುಲಾಗಿ, ಇನ್ನೊಂದು ತಲೆಕೆಳಗಾಗಿ. ಇನ್ನೆಲ್ಲಿಂದಲೋ ಕಿತ್ತು ತಂದ ಕಲ್ಲುಗಳು.

ಅನಾಹುತವಾದ ಮೇಲೂ ಊರು ಹಳೇ ಜಾಡನ್ನು ಬಿಡುವುದಿಲ್ಲ. 1666ರಲ್ಲಿ ಲಂಡನ್ ನಾಲ್ಕು ದಿನ ಉರಿದು 13,000ಕ್ಕೂ ಹೆಚ್ಚು ಮನೆ ಸುಟ್ಟವು. ಬೂದಿ ಆರುವ ಮುಂಚೆಯೇ ವಾಸ್ತುಶಿಲ್ಪಿ ಕ್ರಿಸ್ಟೊಫರ್ ರೆನ್ ನೇರ ಬೀದಿಗಳ ಚಂದದ ನಕ್ಷೆಯೊಂದನ್ನು ದೊರೆಗೆ ಒಪ್ಪಿಸಿದ. ಅದು ಕಾಗದದಲ್ಲೇ ಉಳಿಯಿತು. ಮನೆ ಸುಟ್ಟಿತ್ತು ನಿಜ, ನಿವೇಶನದ ಹಕ್ಕು ಸುಟ್ಟಿರಲಿಲ್ಲವಲ್ಲ! ಗೋಡೆ ಮರದ ಬದಲು ಇಟ್ಟಿಗೆ ಕಲ್ಲಿನದಾಯಿತು, ಬೀದಿಗಳು ಬಹುಪಾಲು ಹಿಂದಿನ ಅಂಕುಡೊಂಕಿನಲ್ಲೇ ಮುಂದುವರಿದವು. ನಿಮ್ಮ ಊರನ್ನು ಡ್ರ್ಯಾಗನ್ ಸುಟ್ಟಿದ್ದರೆ, ಮರುದಿನ ಬೂದಿಯ ಮೇಲೆ ಹಗ್ಗ ಹಿಡಿದು ಜಗಳಾಡುವ ನೆರೆಹೊರೆಯವರನ್ನು ಮರೆಯಬೇಡಿ.

ಅಭ್ಯಾಸಕ್ಕೆ ಹೀಗೆ ಮಾಡಿ: ಊರಿನ ಒಂದು ವಸ್ತು ಆರಿಸಿ, ಅದನ್ನು ಮೂರು ಕಾಲದಲ್ಲಿ ಮೂರು ಜನ ಬಳಸಿದಂತೆ ಬರೆಯಿರಿ. ಹೊರೆಗಲ್ಲಿನ ಕಲ್ಲು ಮೊದಲು ಬರೀ ಕಲ್ಲು, ಯಾರು ಬೇಕಾದರೂ ಹೊರೆ ಇಳಿಸಬಹುದಿತ್ತು. ಆಮೇಲೆ ಉಪ್ಪಿನ ವ್ಯಾಪಾರಿಯೊಬ್ಬ ಪುಣ್ಯಕ್ಕೆಂದು ಅದಕ್ಕೊಂದು ಚಾವಣಿ ಹಾಕಿಸಿದ. ಅವನ ಮೊಮ್ಮಗನ ಕಾಲಕ್ಕೆ ದೊರೆ ಆ ಚಾವಣಿಯ ಕೆಳಗೆ ಸುಂಕದ ಗುಮಾಸ್ತನನ್ನು ಕೂರಿಸಿದ. ಈಗ ಕಲ್ಲು ಸುಂಕದ ಕಟ್ಟೆಯ ಗೋಡೆಯೊಳಗೆ ಸೇರಿಹೋಗಿದೆ, ಒಂದು ಮೂಲೆ ಮಾತ್ರ ಹೊರಗೆ ಕಾಣುತ್ತದೆ. ಹೊರೆ ಇಳಿಸುವುದು ಇನ್ನೆಲ್ಲಿ, ತೂಗಿ ದುಡ್ಡು ಕೊಟ್ಟು ಮುಂದೆ ಹೋಗಬೇಕು. ಆದರೂ ಹಮಾಲರು ದಾಟುವಾಗ ಆ ಮೂಲೆಯನ್ನು ಅಂಗೈಯಿಂದ ಸವರಿಯೇ ಹೋಗುತ್ತಾರೆ, ಅದು ಬೆಣ್ಣೆಯ ಹಾಗೆ ನುಣುಪಾಗಿದೆ. ಯಾಕೆ ಸವರುತ್ತೀರಿ ಎಂದರೆ ಯಾರಿಗೂ ಗೊತ್ತಿಲ್ಲ.

ಹಂತ 6: ಕಾನೂನು, ಅಂದರೆ ಯಾರಿಗೋ ಆದ ತೊಂದರೆ

ರಾಜವಂಶದ ಪಟ್ಟಿ ಬೇಡ. ಐದು ನಿಯಮ ಬರೆಯಿರಿ, ಪ್ರತಿಯೊಂದರ ಪಕ್ಕ ಅದು ಯಾವ ಅವಾಂತರದಿಂದ ಹುಟ್ಟಿತು, ಅದರಿಂದ ಯಾರಿಗೆ ಲಾಭ ಎಂದು ಬರೆಯಿರಿ. ವೆನಿಸ್ 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಸಾಗಹಾಕಿತು, ಬೆಂಕಿಯ ಭಯಕ್ಕೆ. ಕಸುಬುದಾರರೆಲ್ಲ ಒಂದೇ ದ್ವೀಪದಲ್ಲಿ ಸೇರಿದ್ದರಿಂದ ಕಸುಬಿನ ಗುಟ್ಟು ಕಾಯುವುದೂ ಸುಲಭವಾಯಿತು. ಒಂದು ನಿಯಮ, ಎರಡು ಫಲ. ಕಥೆಗಾರನಿಗೆ ಬೇಕಾದದ್ದು ಎರಡನೆಯದು.

ಹಂತ 7: ಮಾಯೆಯನ್ನು ಕೂಲಿಗೆ ಹಚ್ಚಿ

ಇಲ್ಲಿಯವರೆಗೆ ಹೇಳಿದ್ದು ಐತಿಹಾಸಿಕ ಕಾದಂಬರಿಗೂ ನಡೆಯುತ್ತದೆ. ಫ್ಯಾಂಟಸಿ ಊರು ಎಡವುವುದು ಇಲ್ಲಿ. ಒಂದು ಕಡೆ ಮಂತ್ರವಾದಿ ಬೆರಳು ಚಿಟಿಕೆ ಹೊಡೆದರೆ ಬೆಂಕಿ ಹತ್ತುತ್ತದೆ, ಇನ್ನೊಂದು ಕಡೆ ಅದೇ ಊರಲ್ಲಿ ಮುದುಕಿಯೊಬ್ಬಳು ಸೌದೆ ಹೊತ್ತು ಬರುತ್ತಾಳೆ. ಇಬ್ಬರೂ ಇರಬಹುದು, ಆದರೆ ಆ ಬೆಂಕಿ ಮುದುಕಿಯ ಒಲೆಗೆ ಯಾಕೆ ತಲುಪಲಿಲ್ಲ ಎಂಬುದಕ್ಕೆ ಉತ್ತರ ಬೇಕು. ದುಬಾರಿಯೇ? ನಿಷೇಧವೇ? ಸೌದೆ ವ್ಯಾಪಾರಿಗಳು ತಡೆದಿದ್ದಾರೆಯೇ?

ನಾನು ಕೇಳುವ ಪ್ರಶ್ನೆಗಳು ನಾಲ್ಕು. ಈ ಮಾಯೆ ಊರಿನ ಯಾವ ದುಡಿಮೆಯನ್ನು ಮುಟ್ಟುತ್ತದೆ? ಅದರಿಂದ ಯಾರ ಅನ್ನ ಹೋಗುತ್ತದೆ? ಅನ್ನ ಹೋದವರು ಸುಮ್ಮನಿರುತ್ತಾರೆಯೇ? ಮಾಯೆಗೆ ತಗಲುವ ಬೆಲೆಯನ್ನು ತೆರುವವರು ಯಾರು?

ಹೊರೆಗಲ್ಲಿನಲ್ಲಿ ಒಂದೇ ಒಂದು ಮಂತ್ರ ಇಟ್ಟೆ: ಭಾರ ಇಳಿಸುವ ಮಂತ್ರ. ಅದನ್ನು ಹೇಳುತ್ತಿರುವಷ್ಟು ಹೊತ್ತು ಮೂಟೆ ಹತ್ತಿಯಂತೆ ಹಗುರ. ಆದರೆ ಭಾರ ಮಾಯವಾಗುವುದಿಲ್ಲ, ಅಂದು ರಾತ್ರಿ ಹೇಳಿದವರ ಮೈಮೇಲೆ ಬಂದು ಕೂರುತ್ತದೆ. ಇಷ್ಟು ಇಟ್ಟ ಕೂಡಲೇ ಊರು ತಾನಾಗಿ ಅಲುಗಾಡಿತು. ದೊಡ್ಡ ವ್ಯಾಪಾರಿಗಳು ಮಂತ್ರ ಹೇಳಲು ಬಡವರ ಮಕ್ಕಳನ್ನು ಕೂಲಿಗೆ ಹಿಡಿದರು, ಚಿಕ್ಕ ಮೈಗೆ ಭಾರ ತಡೆದುಕೊಳ್ಳುವ ಹುಮ್ಮಸ್ಸು ಹೆಚ್ಚು ಎಂದು. ಹಮಾಲರ ಸಂಘ ಮೆಟ್ಟಿಲ ಮೇಲೆ ಮಂತ್ರ ಹೇಳಕೂಡದೆಂದು ಕಟ್ಟು ಮಾಡಿಸಿತು. ಮಕ್ಕಳ ಮೇಲಿನ ಕರುಣೆಯಿಂದಲೋ ತಮ್ಮ ಕೂಲಿ ಉಳಿಸಿಕೊಳ್ಳಲೋ ಎಂದು ಊರೆಲ್ಲ ವಾದ. ಕೆಳಪೇಟೆಯಲ್ಲಿ ಒಂದು ಓಣಿಯಿದೆ, ಅಲ್ಲಿನ ಮನೆಗಳಲ್ಲಿ ಮಂಚವಿಲ್ಲ. ಹಳೆಯ ಮಂತ್ರದವರು ನೆಲದ ಮೇಲೇ ಮಲಗುತ್ತಾರೆ, ಯಾವ ಮಂಚವೂ ತಡೆಯುವುದಿಲ್ಲವೆಂದು.

ಒಂದೇ ಮಾಯೆ ಸಾಕು ಎನ್ನುವುದು ನನ್ನ ಅಭಿಪ್ರಾಯ. ಹತ್ತಿಟ್ಟರೆ ಹತ್ತರ ಲೆಕ್ಕವನ್ನೂ ನೀವೇ ನೋಡಿಕೊಳ್ಳಬೇಕು.

ಹಂತ 8: ಹೆಸರು ಸವೆಯಲಿ

ಝಡ್, ಕ್ಷ್, ಥ್ರ್ ಸೇರಿಸಿ ನಾಲಿಗೆ ತಿರುಚುವ ಹೆಸರಿಟ್ಟರೆ ಅದು ಬೇರೆ ಲೋಕ ಎನಿಸುತ್ತದೆ ಎಂಬ ಭ್ರಮೆ ನನಗೂ ಇತ್ತು. ಜನ ಊರಿಗೆ ಹೆಸರಿಡುವುದು ಗುರುತಿಗಾಗಿ. ಬಾಗ್ದಾದಿನ ದುಂಡು ಕೋಟೆಯ ನಾಲ್ಕು ಬಾಗಿಲಿಗೆ ಇದ್ದ ಹೆಸರು ಖುರಾಸಾನ್, ಬಸ್ರಾ, ಕೂಫಾ, ಶಾಮ್ (ಅಂದರೆ ಸಿರಿಯಾ). ಆ ಬಾಗಿಲಿಂದ ಹೊರಟ ದಾರಿ ಎಲ್ಲಿಗೆ ಹೋಗುತ್ತದೋ ಆ ಹೆಸರು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಅನುಕೂಲ ಇದೆ. ನಮ್ಮ ಕಿವಿಗೆ ಊರು, ಪೇಟೆ, ಕಟ್ಟೆ, ಕೆರೆ, ಪುರ ಇವುಗಳ ನಡುವಿನ ಅಂತರ ಕೂಡಲೇ ತಿಳಿಯುತ್ತದೆ. ಹೊರೆಗಲ್ಲು ಎಂಬುದು ಬರಹದಲ್ಲಿ. ಬಾಯಲ್ಲಿ ಅದು ‘ಹೊರ್ಗಲ್ಲು’. ಮೇಲೂರಿನ ಅರಮನೆಯ ಶಾಸನದಲ್ಲಿ ‘ಭಾರಶಿಲಾಪುರ’. ಯಾರು ಯಾವ ಹೆಸರು ಹೇಳುತ್ತಾರೆ ಎನ್ನುವುದರಿಂದಲೇ ಅವರು ಎಲ್ಲಿಯವರು, ಯಾರನ್ನು ಮೆಚ್ಚಿಸಲು ಹೊರಟಿದ್ದಾರೆ ಎಂದು ತೋರಿಸಬಹುದು. ಹಮಾಲನ ಮಗನೊಬ್ಬ ಗುಮಾಸ್ತಿಕೆ ಸಿಕ್ಕ ಮೊದಲ ದಿನ ಮನೆಯಲ್ಲಿ ‘ಭಾರಶಿಲಾಪುರ’ ಎಂದ. ಅವನವ್ವ ಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ಅವನನ್ನೇ ನೋಡಿದಳು. ಒಂದು ಪುಟದ ಸಂಭಾಷಣೆ ಉಳಿಯಿತು.

ಹಂತ 9: ಈಗ ಎಲ್ಲ ಮುಚ್ಚಿಟ್ಟು ಒಂದು ಕೆಲಸಕ್ಕೆ ಕಳಿಸಿ

ಇಷ್ಟೆಲ್ಲ ಕಟ್ಟಿದ ಮೇಲೆ ತೋರಿಸುವ ಚಪಲ ಬರುತ್ತದೆ. ನನ್ನ ಮೊದಲ ಕರಡು ಹೀಗಿತ್ತು:

‘ಹೊರೆಗಲ್ಲು ಒಂದು ಭವ್ಯ ಪಟ್ಟಣ. ಅದು ಮೇಲೂರು ಮತ್ತು ಕೆಳಪೇಟೆ ಎಂದು ಎರಡು ಭಾಗವಾಗಿತ್ತು. ನಡುವೆ 412 ಮೆಟ್ಟಿಲುಗಳಿದ್ದವು. ಅರ್ಧ ದಾರಿಯಲ್ಲಿದ್ದ ಸುಂಕದ ಕಟ್ಟೆಯಲ್ಲಿ ಸರಕಿಗೆ ತೂಕದ ಮೇಲೆ ಸುಂಕ ವಸೂಲಿ ಮಾಡಲಾಗುತ್ತಿತ್ತು.’

ಇದು ಊರಲ್ಲ, ಊರಿನ ಜಾತಕ. ಇದನ್ನು ಹರಿದು, ಒಬ್ಬಳನ್ನು ಒಂದು ಕೆಲಸದ ಮೇಲೆ ಕಳಿಸಿದೆ. ಕೆಲಸ ಸಣ್ಣದಿರಲಿ, ಆದರೆ ಹೊತ್ತು ಮೀರಿದರೆ ಏನಾದರೂ ಕೆಡುವಂತಿರಲಿ.

‘ಇನ್ನೂರನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಚೆನ್ನಿಯ ಸಿಂಬೆ ನೆನೆದು ಉಪ್ಪುನೀರು ಕಣ್ಣಿಗೆ ಇಳಿಯುತ್ತಿತ್ತು. ರಾತ್ರಿ ಹನಿ ಬಿದ್ದಿದ್ದೇ ತಪ್ಪಾಯಿತು. ಒದ್ದೆ ಉಪ್ಪು ತೂಕ ಹೆಚ್ಚು, ತೂಕ ಹೆಚ್ಚಾದರೆ ಸುಂಕ ಹೆಚ್ಚು, ಮೇಲೆ ಕೊಡುವ ಬೆಲೆ ಮಾತ್ರ ಅಷ್ಟೇ. ಗುಮಾಸ್ತ ಆಗಲೇ ತಕ್ಕಡಿಯ ಸರಪಳಿ ಒರೆಸುತ್ತಿದ್ದ. “ಬಿಸಿಲು ಬರಲಿ ತಡಿಯಣ್ಣ,” ಅಂದಳು. “ಬಿಸಿಲು ಬರೋತನಕ ಹಿಂದಿನೋರು ನಿಂತಿರ್ತಾರಾ?” ಹಿಂದೆ ಎಪ್ಪತ್ತು ಮೆಟ್ಟಿಲುದ್ದಕ್ಕೂ ತಲೆಗಳು, ತಲೆಗಳ ಮೇಲೆ ಮೂಟೆಗಳು. ಯಾರೋ ಉಗಿದರು. ಚೆನ್ನಿ ಕಲ್ಲಿನ ಮೂಲೆಯನ್ನು ಸವರಿ, ಮೂಟೆಯನ್ನು ತಕ್ಕಡಿಗೆ ಜಾರಿಸಿದಳು.’

ಎರಡನೆಯದರಲ್ಲಿ ಪಟ್ಟಣದ ವರ್ಣನೆ ಒಂದು ವಾಕ್ಯವೂ ಇಲ್ಲ. ಮೆಟ್ಟಿಲು, ಸುಂಕ, ಹವೆ, ಜನಸಂದಣಿ, ಹಳೇ ಕಲ್ಲು ಎಲ್ಲ ಬಂದಿವೆ, ಬಂದದ್ದು ಚೆನ್ನಿಗೆ ಅಡ್ಡವಾಗಿ. ಪಾತ್ರಕ್ಕೆ ಅಡ್ಡ ಬರದ, ಆಸರೆಯೂ ಆಗದ ವಿವರವನ್ನು ನಾನು ಈಗ ಹೊಡೆದುಹಾಕುತ್ತೇನೆ. ಇನ್ನೊಂದು ಗಮನಿಸಿ: ಊರಿನವಳಿಗೆ ಊರು ಹೊಸದಲ್ಲ. ದಿನಾ ನೋಡುವ ಜಲಪಾತವನ್ನು ಅವಳು ಬೆರಗಿನಿಂದ ನೋಡುವುದಿಲ್ಲ. ಬೇಸಿಗೆಯಲ್ಲಿ ಅದರ ಸದ್ದು ಕುಗ್ಗಿದಾಗ ಮಾತ್ರ ತಲೆ ಎತ್ತುತ್ತಾಳೆ. ಬೆರಗು ಬೇಕಿದ್ದರೆ ಹೊರಗಿನವನೊಬ್ಬನನ್ನು ಕರೆತನ್ನಿ, ಅವನ ಕಾಲು ಜಾರಲಿ.

ಹಂತ 10: ಲೆಕ್ಕದ ಪುಸ್ತಕ

ಒಂದು ಅಗ್ಗದ ನೋಟ್‌ಬುಕ್. ಕಥೆಯಲ್ಲಿ ಊರಿನ ಬಗ್ಗೆ ಏನೇ ಹೇಳಿದರೂ ಅಧ್ಯಾಯದ ಸಂಖ್ಯೆಯ ಸಮೇತ ಅದರಲ್ಲಿ ಏರಿಸಿ: ಸುಂಕ ಎಷ್ಟು, ಬಾಗಿಲು ಮುಚ್ಚುವುದು ಯಾವಾಗ, ಬಣ್ಣಗಾರರ ಓಣಿಯಿಂದ ತೊಟ್ಟಿಗೆ ಎಡಕ್ಕೋ ಬಲಕ್ಕೋ. ಕಂಪ್ಯೂಟರಿನಲ್ಲೂ ಆಗುತ್ತದೆ, ನನಗೆ ಕಾಗದ ಹಿತ. ಬರೆಯುವ ಮುಂಚೆ ಕಟ್ಟಿದ ವಿವರಗಳಲ್ಲಿ ಹೆಚ್ಚಿನವು ಕಥೆಗೆ ಬರುವುದೇ ಇಲ್ಲ, ಅದಕ್ಕೆ ಕೊರಗಬೇಡಿ. ಬರೆಯುವಾಗ ಹೊಸದಾಗಿ ಹುಟ್ಟುವ ವಿವರಗಳೇ ಕೈಕೊಡುವುದು. ಚೆನ್ನಿ ಕೊಟ್ಟ ಸುಂಕ ಎರಡನೇ ಅಧ್ಯಾಯದಲ್ಲಿ ಮೂರು ಕಾಸು, ಒಂಬತ್ತನೆಯದರಲ್ಲಿ ಐದು ಆಗಿತ್ತು. ಪೆನ್ಸಿಲ್ ಗೆಳತಿ ಬಿಡಲಿಲ್ಲ. ತಿದ್ದಲು ಕೂತವಳು ತಿದ್ದದೆ, ನಡುವೆ ಸುಂಕ ಏರಿದ ಒಂದು ಅಧ್ಯಾಯವನ್ನೇ ಬರೆದೆ.